ಒಂದೂವರೆ ಲೀಟರಿಗೆ ಹನ್ನೆರಡು ಪಾಲು

ಫೆರಾರಿ ಹೆಸರು ಹೊತ್ತ ಮೊದಲ ಕಾರು 125 ಎಸ್. ಅದು ಉತ್ತರ ಇಟಲಿಯ ಮೊಡೆನಾ ಪಕ್ಕದ ಮರನೆಲ್ಲೊ ಕಾರ್ಖಾನೆಯಿಂದ ರಸ್ತೆಗಿಳಿದದ್ದು 1947ರ ಮಾರ್ಚ್ 12ರಂದು. ಹೆಸರಿನಲ್ಲಿರುವ 125 ಎಂಬ ಅಂಕಿ ಎಂಜಿನ್ನಿನ ಒಂದು ಸಿಲಿಂಡರಿನ ಗಾತ್ರವನ್ನು ಸಿಸಿ ಲೆಕ್ಕದಲ್ಲಿ ಹೇಳುತ್ತದೆ. ನಮ್ಮ ರಸ್ತೆಗಳಲ್ಲಿ ದಿನವೂ ಓಡಾಡುವ 125 ಸಿಸಿ ಬೈಕಿನ ಸಿಲಿಂಡರಿನಷ್ಟೇ ಗಾತ್ರ. ಅಂಥ ಹನ್ನೆರಡನ್ನು ಆರಾರರಂತೆ ಎರಡು ಸಾಲು ಮಾಡಿ, 60 ಡಿಗ್ರಿ ಕೋನದಲ್ಲಿ ‘ವಿ’ ಆಕಾರಕ್ಕೆ ಜೋಡಿಸಿ, ಕೆಳಗೆ ಒಂದೇ ಕ್ರ್ಯಾಂಕ್‌ಶಾಫ್ಟಿಗೆ ಕೂಡಿಸಿದರೆ ಈ ವಿ-12 ಎಂಜಿನ್. ಒಟ್ಟು ಗಾತ್ರ ಒಂದೂವರೆ ಲೀಟರಿಗೆ ಕೂದಲೆಳೆ ಕಡಿಮೆ, 1,497 ಸಿಸಿ.

ಎಂಜಿನ್ ರೂಪಿಸಿದವರು ಜೊವಾಕ್ಕಿನೊ ಕೊಲೊಂಬೊ. ಎರಡನೇ ಮಹಾಯುದ್ಧಕ್ಕೆ ಮೊದಲು ಆಲ್ಫಾ ರೋಮಿಯೊದ ‘158’ ರೇಸ್ ಕಾರನ್ನು ವಿನ್ಯಾಸ ಮಾಡಿದ್ದವರೂ ಅವರೇ. 1945ರಲ್ಲಿ ಕಂಪನಿಯ ಸಂಸ್ಥಾಪಕ ಎಂಜೊ ಫೆರಾರಿ ಕೊಲೊಂಬೊರನ್ನು ಕರೆಸಿಕೊಂಡು ಹೊಸ ಎಂಜಿನ್ನಿನ ಕೆಲಸ ಒಪ್ಪಿಸಿದರು. ಒಂದೂವರೆ ಲೀಟರಿಗೆ ನಾಲ್ಕು ಸಿಲಿಂಡರ್ ಧಾರಾಳವಾಗಿ ಸಾಕು. ಅದನ್ನು ಹನ್ನೆರಡು ಪಾಲು ಮಾಡಿದ್ದಕ್ಕೆ ಕಾರಣ ಲೆಕ್ಕದಲ್ಲಿದೆ.

ಎಂಜಿನ್ನಿನ ಶಕ್ತಿ ಒಂದು ನಿಮಿಷದಲ್ಲಿ ಅದು ಎಷ್ಟು ಗಾಳಿಯನ್ನು ಒಳಗೆಳೆದು ಇಂಧನ ಉರಿಸುತ್ತದೆ ಎಂಬುದನ್ನು ಅವಲಂಬಿಸಿದೆ. ಗಾತ್ರಕ್ಕೆ ರೇಸಿನ ನಿಯಮದ ಮಿತಿ ಇದ್ದಾಗ ಉಳಿಯುವ ದಾರಿ ಎಂಜಿನ್ನನ್ನು ಹೆಚ್ಚು ವೇಗವಾಗಿ ತಿರುಗಿಸುವುದು. ಆದರೆ ಪಿಸ್ಟನ್ ಪ್ರತಿ ಸುತ್ತಿನಲ್ಲೂ ಮೇಲೊಮ್ಮೆ ಕೆಳಗೊಮ್ಮೆ ನಿಂತು ಮತ್ತೆ ಓಡಬೇಕು. ಅದು ಕ್ರಮಿಸುವ ದೂರ ಹೆಚ್ಚಿದಷ್ಟೂ ಅದನ್ನು ಕ್ರ್ಯಾಂಕಿಗೆ ಕೂಡಿಸುವ ಕನೆಕ್ಟಿಂಗ್ ರಾಡ್ ಮೇಲೆ ಬೀಳುವ ಜಗ್ಗಾಟ ಹೆಚ್ಚು. ಕೊಲೊಂಬೊ ಎಂಜಿನ್ನಿನಲ್ಲಿ ಸಿಲಿಂಡರಿನ ವ್ಯಾಸ 55 ಮಿ.ಮೀ., ಪಿಸ್ಟನ್ನಿನ ಓಟ 52.5 ಮಿ.ಮೀ. ನಿಮಿಷಕ್ಕೆ 6,800 ಸುತ್ತಿನಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ ಸುಮಾರು 12 ಮೀಟರ್. ಇದೇ ಒಂದೂವರೆ ಲೀಟರನ್ನು ನಾಲ್ಕೇ ಪಾಲು ಮಾಡಿದ್ದರೆ ವ್ಯಾಸವೂ ಓಟವೂ ಹತ್ತಿರಹತ್ತಿರ 78 ಮಿ.ಮೀ. ಆಗುತ್ತಿದ್ದವು, ಅಷ್ಟೇ ಸುತ್ತಿಗೆ ಪಿಸ್ಟನ್ನಿನ ವೇಗ 17 ಮೀಟರ್ ದಾಟುತ್ತಿತ್ತು. ಇನ್ನೊಂದು ಲಾಭವೂ ಇದೆ. ಹನ್ನೆರಡು ಪುಟ್ಟ ಪಿಸ್ಟನ್ನುಗಳ ತಲೆಯ ವಿಸ್ತೀರ್ಣವನ್ನು ಕೂಡಿದರೆ 285 ಚದರ ಸೆಂ.ಮೀ.; ನಾಲ್ಕು ದೊಡ್ಡವುಗಳದ್ದು 191. ತಲೆ ಅಗಲವಾದಷ್ಟೂ ಗಾಳಿ ಬಂದುಹೋಗುವ ವಾಲ್ವುಗಳಿಗೆ ಜಾಗ ಹೆಚ್ಚು.

ವೇಗವಾಗಿ ತಿರುಗುವ ಎಂಜಿನ್ ನಡುಗಬಾರದು. ಕನೆಕ್ಟಿಂಗ್ ರಾಡ್ ಓರೆಯಾಗುವುದರಿಂದ ಕ್ರ್ಯಾಂಕಿನ ಮೇಲಿನ ಅರ್ಧ ಸುತ್ತಿನಲ್ಲಿ ಪಿಸ್ಟನ್ ಹೆಚ್ಚು ದೂರವನ್ನೂ ಕೆಳಗಿನ ಅರ್ಧದಲ್ಲಿ ಕಡಿಮೆ ದೂರವನ್ನೂ ಕ್ರಮಿಸುತ್ತದೆ. ಈ ಏರುಪೇರಿನಿಂದ ಸುತ್ತಿಗೆ ಎರಡು ಬಾರಿ ಒಂದು ಅಲುಗಾಟ ಹುಟ್ಟುತ್ತದೆ. ಸಾಮಾನ್ಯ ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಅದು ಉಳಿದುಬಿಡುತ್ತದೆ. ಆರು ಸಿಲಿಂಡರುಗಳ ಸಾಲಿನಲ್ಲಿ ಒಂದರ ಅಲುಗಾಟವನ್ನು ಇನ್ನೊಂದು ನುಂಗಿಹಾಕುತ್ತದೆ. ವಿ-12 ಅಂಥ ಎರಡು ಸಾಲುಗಳ ಜೋಡಿ. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಒಂದು ಆವರ್ತ ಮುಗಿಯಲು ಕ್ರ್ಯಾಂಕ್ ಎರಡು ಸುತ್ತು, ಅಂದರೆ 720 ಡಿಗ್ರಿ ತಿರುಗಬೇಕು. ಅದನ್ನು ಹನ್ನೆರಡಕ್ಕೆ ಹಂಚಿದರೆ 60. ಎರಡು ಸಾಲುಗಳ ನಡುವೆ 60 ಡಿಗ್ರಿ ಕೋನ ಇಟ್ಟದ್ದು ಇದಕ್ಕೇ. ಪ್ರತಿ 60 ಡಿಗ್ರಿಗೆ ಒಂದರಂತೆ ಸ್ಫೋಟಗಳು ತಾಳ ತಪ್ಪದೆ ಬರುತ್ತವೆ. ನಿಮಿಷಕ್ಕೆ 7,500 ಸುತ್ತಿನಲ್ಲಿ ಸೆಕೆಂಡಿಗೆ 750 ಸ್ಫೋಟ. ಕಿವಿಗೆ ಅವು ಬಿಡಿಬಿಡಿಯಾಗಿ ಕೇಳದೆ ಒಂದೇ ಏರುಸ್ವರವಾಗುತ್ತವೆ. ನಾಲ್ಕು ಸಿಲಿಂಡರಿನಲ್ಲಿ ಇದು 250. ಫೆರಾರಿಯ ದನಿ ಎಂದು ಹೆಸರಾದದ್ದರ ಮೂಲ ಈ ಎಣಿಕೆಯಲ್ಲಿದೆ.

ಮೊದಲ ಎಂಜಿನ್ ಉಸಿರಾಡಿದ್ದು ಗಾಳಿಗೆ ಇಂಧನ ಬೆರೆಸುವ ಮೂರು ವೆಬರ್ ಕಾರ್ಬುರೇಟರುಗಳ ಮೂಲಕ. ಒಂದೊಂದಕ್ಕೆ ಎರಡು ಗಂಟಲು, ಒಟ್ಟು ಆರು. ಹಾಗಾಗಿ ಎರಡೆರಡು ಸಿಲಿಂಡರುಗಳಿಗೆ ಒಂದೇ ಗಂಟಲಿನಿಂದ ಹಂಚಿಕೆ. ಪ್ರತಿ ಸಾಲಿನ ನೆತ್ತಿಯಲ್ಲಿ ಚೈನಿನಿಂದ ತಿರುಗಿ ವಾಲ್ವುಗಳನ್ನು ತೆರೆಯುವ ಒಂದು ಕ್ಯಾಮ್‌ಶಾಫ್ಟ್, ಪ್ರತಿ ಸಿಲಿಂಡರಿಗೆ ಎರಡು ವಾಲ್ವ್. ವಾಲ್ವುಗಳನ್ನು ಮುಚ್ಚುವ ಸುರುಳಿ ಸ್ಪ್ರಿಂಗುಗಳು ವೇಗ ಹೆಚ್ಚಿದಾಗ ತಮ್ಮಷ್ಟಕ್ಕೆ ತಾವೇ ಕಂಪಿಸಿ ಮುರಿಯುತ್ತಿದ್ದ ಕಾಲವದು. ಕೊಲೊಂಬೊ ತಲೆಪಿನ್ನಿನ ಆಕಾರದ ಸ್ಪ್ರಿಂಗುಗಳನ್ನು ಆರಿಸಿಕೊಂಡರು. ಅವು ಬಾಳಿಕೆ ಬಂದರೂ ಜಾಗ ತಿಂದವು. 118 ಅಶ್ವಶಕ್ತಿಯ 125 ಎಸ್ ಕಾರು 1947ರ ಮೇ 11ರಂದು ಪಿಯಾಚೆಂಝಾದಲ್ಲಿ ತನ್ನ ಮೊದಲ ರೇಸಿನಲ್ಲಿ ಮುಂದಿದ್ದಾಗಲೇ ಇಂಧನದ ಪಂಪು ಕೈಕೊಟ್ಟಿತು. ಎರಡು ವಾರ ಕಳೆದು ಮೇ 25ರಂದು ರೋಮಿನಲ್ಲಿ ಚಾಲಕ ಫ್ರಾಂಕೊ ಕೊರ್ತೇಸೆ ಅದೇ ಮಾದರಿಯಲ್ಲಿ ಗೆದ್ದರು.

ಈ ಎಂಜಿನ್ ದೀರ್ಘಾಯುವಾದದ್ದರ ಗುಟ್ಟು ಸಿಲಿಂಡರುಗಳ ನಡುವಿನ ಅಂತರ. ವ್ಯಾಸ ಬರೀ 55 ಮಿ.ಮೀ. ಇದ್ದರೂ ಒಂದರ ಕೇಂದ್ರದಿಂದ ಇನ್ನೊಂದರ ಕೇಂದ್ರಕ್ಕೆ 90 ಮಿ.ಮೀ. ಬಿಡಲಾಗಿತ್ತು. ಬೆಳೆಯುವ ಮಗುವಿಗೆ ಅಂಗಿಯನ್ನು ದೊಗಳೆಯಾಗಿ ಹೊಲಿಸಿದ ಹಾಗೆ. ವ್ಯಾಸ 60ಕ್ಕೆ, ಓಟ 58.8ಕ್ಕೆ ಏರಿದಾಗ ಎರಡು ಲೀಟರಿನ ‘166’ ಬಂತು. 1949ರಲ್ಲಿ ಲೆ ಮಾನ್ಸ್‌ನ 24 ಗಂಟೆಗಳ ರೇಸನ್ನು ಫೆರಾರಿಗೆ ಮೊದಲ ಬಾರಿ ಗೆದ್ದುಕೊಟ್ಟದ್ದು ಅದರ ‘ಎಂಎಂ’ ಮಾದರಿ. ವ್ಯಾಸ 73 ಆದಾಗ ಮೂರು ಲೀಟರಿನ ‘250’. ಇಷ್ಟಾದರೂ ಎರಡು ಸಿಲಿಂಡರುಗಳ ನಡುವೆ 17 ಮಿ.ಮೀ. ಉಳಿದಿತ್ತು.

1957ರ ಸುಮಾರಿಗೆ ಬಂದ 250 ಟೆಸ್ಟಾ ರೊಸ್ಸಾದಲ್ಲಿ ಎಂಜಿನ್ನಿನ ತಲೆಯನ್ನೇ ತಿದ್ದಲಾಯಿತು. ಹೆಸರಿನ ಅರ್ಥ ‘ಕೆಂಪು ತಲೆ’. ಕ್ಯಾಮ್ ಮುಚ್ಚಳಗಳಿಗೆ ಬಳಿದ ಕೆಂಪು ಬಣ್ಣದಿಂದ ಬಂದದ್ದು. ಅಷ್ಟರಲ್ಲಿ ಸುರುಳಿ ಸ್ಪ್ರಿಂಗುಗಳು ಸುಧಾರಿಸಿದ್ದವು. ತಲೆಪಿನ್ ಸ್ಪ್ರಿಂಗುಗಳು ತೆರವಾದ ಜಾಗದಲ್ಲಿ ಸಿಲಿಂಡರ್ ತಲೆಯನ್ನು ಬಿಗಿಯುವ ಬೋಲ್ಟುಗಳು ಹೆಚ್ಚಿದವು, ಸ್ಪಾರ್ಕ್ ಪ್ಲಗ್ಗುಗಳು ‘ವಿ’ಯ ಒಳಗಿನಿಂದ ಹೊರಬದಿಗೆ ಬಂದವು, ಪ್ರತಿ ಸಿಲಿಂಡರಿಗೂ ಸ್ವಂತ ಗಾಳಿದಾರಿ ಸಿಕ್ಕಿತು. ಆರು ವೆಬರ್‌ಗಳ ಹನ್ನೆರಡು ಗಂಟಲುಗಳು ಸಾಲಾಗಿ ಕೂತವು. ಶಕ್ತಿ 300 ಅಶ್ವಶಕ್ತಿಯ ಆಸುಪಾಸಿಗೆ ಏರಿತು. ಲೆ ಮಾನ್ಸ್‌ನಲ್ಲಿ ಈ ಮಾದರಿ 1958, 1960 ಮತ್ತು 1961ರಲ್ಲಿ ಗೆದ್ದಿತು. 1962ರಿಂದ 1964ರವರೆಗೆ ತಯಾರಾದ 250 ಜಿಟಿಒ ಕಾರುಗಳ ಎಂಜಿನ್ನೂ ಈ ಬಗೆಯದೇ.

ಪಾಲು ಹೆಚ್ಚಿದಷ್ಟೂ ಲಾಭವೇ ಎಂದೇನಿಲ್ಲ. ಹನ್ನೆರಡು ಪಿಸ್ಟನ್, 24 ವಾಲ್ವ್ ಎಂದರೆ ಉಜ್ಜಾಟ ಹೆಚ್ಚು, ತೂಕ ಹೆಚ್ಚು, ಕೆಡುವ ಭಾಗಗಳೂ ಹೆಚ್ಚು. ಹನ್ನೆರಡು ಗಂಟಲುಗಳನ್ನು ಒಂದೇ ಹದಕ್ಕೆ ತರುವುದು ಪಳಗಿದ ಮೆಕ್ಯಾನಿಕ್ಕಿನ ಕೆಲಸ. ತಿರುವುಗಳೇ ತುಂಬಿದ ಟ್ರ್ಯಾಕುಗಳಲ್ಲಿ ಕಡಿಮೆ ಸುತ್ತಿನಲ್ಲೇ ಎಳೆಯುವ ಬಲ ಬೇಕು. ಅದಕ್ಕೇ ಫೆರಾರಿಯ ಇನ್ನೊಬ್ಬ ವಿನ್ಯಾಸಕ ಔರೆಲಿಯೊ ಲಾಂಪ್ರೆದಿ ಎರಡು ಲೀಟರಿಗೆ ನಾಲ್ಕೇ ಸಿಲಿಂಡರಿನ ಎಂಜಿನ್ ಮಾಡಿದರು. ಚಾಲಕ ಆಲ್ಬರ್ಟೊ ಅಸ್ಕಾರಿ 1952 ಮತ್ತು 1953ರ ವಿಶ್ವ ಚಾಂಪಿಯನ್ ಪಟ್ಟಗಳನ್ನು ಗೆದ್ದದ್ದು ಆ ಎಂಜಿನ್ನಿನಿಂದ.

ಕೊಲೊಂಬೊ ಎಂಜಿನ್ನಿನ ಸಂತತಿ ಮುಂದೆ ರಸ್ತೆ ಕಾರುಗಳಲ್ಲಿ ಬೆಳೆಯಿತು. 1966ರಲ್ಲಿ 275 ಜಿಟಿಬಿ/4 ಕಾರಿಗೆ ನಾಲ್ಕು ಕ್ಯಾಮ್‌ಶಾಫ್ಟುಗಳು ಬಂದವು. ಬೇರೆ ಮಾದರಿಗಳಲ್ಲಿ ಸಿಲಿಂಡರುಗಳ ಅಂತರವೂ ತುಸು ಹಿಗ್ಗಿತು, ಆಮೇಲೆ ಕಾರ್ಬುರೇಟರುಗಳ ಜಾಗಕ್ಕೆ ಇಂಧನ ಚಿಮ್ಮಿಸುವ ಇಂಜೆಕ್ಷನ್ ವ್ಯವಸ್ಥೆ ಬಂತು. ಆ ಸಾಲಿನ ಕೊನೆಯ ಕಾರಿನ ತಯಾರಿಕೆ 1989ರಲ್ಲಿ ನಿಂತಿತು. ಅದರ ಎಂಜಿನ್ 4,943 ಸಿಸಿ. ಹನ್ನೆರಡರಿಂದ ಭಾಗಿಸಿದರೆ ಸಿಗುವ ಅಂಕಿಯೇ ಕಾರಿನ ಹೆಸರು: 412.