ಕುಕಿ, ಸಮ್ಮತಿ ಮತ್ತು ಹೊರನಾಡಿನ ಓದುಗ

ಪುಣೆಯ ಖಡಕಿಯಲ್ಲಿ ಕುಳಿತು ಹಳಗನ್ನಡ ಶಬ್ದವೊಂದನ್ನು ಅಂತರಜಾಲದಲ್ಲಿ ಅರಸುವ ಸಂಶೋಧಕನಿಗೆ ಎಷ್ಟೋ ಬಾರಿ ಮೊದಲು ಎದುರಾಗುವುದು ಶಬ್ದಾರ್ಥವಲ್ಲ. ಕುಕಿಗಳಿಗೆ ಸಮ್ಮತಿ ಬೇಡುವ ಇಂಗ್ಲಿಷ್ ಪ್ರಶ್ನೆ. ಕುಕಿಯೆಂದರೆ ಜಾಲತಾಣವು ಓದುಗನ ಬ್ರೌಸರಿನಲ್ಲಿ ಇರಿಸುವ ಪುಟ್ಟ ಗುರುತುಚೀಟಿ. 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲಿ ಇದನ್ನು ರೂಪಿಸಿದ್ದು, ಒಮ್ಮೆ ಬಂದವನನ್ನು ತಾಣವು ಮತ್ತೆ ಗುರುತಿಸಲೆಂದು. ಅದರಲ್ಲಿ ದೋಷವಿಲ್ಲ. ತೊಡಕಿರುವುದು ಅನ್ಯರ ಕುಕಿಯಲ್ಲಿ. ನಾವು ತೆರೆದ ಪುಟದೊಳಗೆ ಜಾಹೀರಾತು ಸಂಸ್ಥೆಯೊಂದರ ತುಣುಕಿದ್ದರೆ ಅದೂ ತನ್ನ ಚೀಟಿಯನ್ನು ಇರಿಸಬಲ್ಲದು. ಅದೇ ಸಂಸ್ಥೆ ಬೇರೆ ತಾಣಗಳಲ್ಲಿಯೂ ನೆಲೆಸಿರುವುದರಿಂದ ನಾವು ನಿಘಂಟು ನೋಡಿದ್ದು, ಔಷಧ ಹುಡುಕಿದ್ದು, ರೈಲಿನ ವೇಳೆ ವಿಚಾರಿಸಿದ್ದು ಎಲ್ಲವೂ ಒಂದೇ ದಾರದಲ್ಲಿ ಪೋಣಿಸಲ್ಪಡುತ್ತವೆ. (ಮಧ್ಯಕಾಲೀನ ಕಾವ್ಯಗಳ ಓದುಗರಿಗೆ ಚರರು ಹೊಸಬರಲ್ಲ, ಆದರೆ ಅಲ್ಲಿ ಚರನು ಮನೆಯೊಡೆಯನ ಸಮ್ಮತಿಯನ್ನು ಕೇಳುವ ಸೋಗು ಹಾಕುವುದಿಲ್ಲ.)

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ವೈಯಕ್ತಿಕ ದತ್ತಾಂಶಕ್ಕೆ ಸಮ್ಮತಿ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಾಗಲಿ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದುವ ಅವಕಾಶವನ್ನು 2023ರ ಕಾಯಿದೆ ವಿಧಿಸಿದೆ. ಗಮನಿಸಬೇಕಾದುದು ಇದು: ಈ ಹಕ್ಕು ಭಾಷೆಗೆ ಸೇರಿದ್ದು, ರಾಜ್ಯದ ಗಡಿಗಲ್ಲ, ಖಡಕಿಯ ಓದುಗನೂ ಕನ್ನಡದಲ್ಲಿಯೇ ಕೇಳಿ ಪಡೆಯಬಹುದು. ಈ ಭಾಗದ ಜಾರಿಗೆ 2025ರ ನವೆಂಬರಿನಿಂದ ಹದಿನೆಂಟು ತಿಂಗಳ ಅವಧಿ ಗೊತ್ತುಪಡಿಸಲಾಗಿದೆ. ಅನ್ಯರ ಕುಕಿಗಳನ್ನು ಸಫಾರಿ 2020ರಿಂದ ತಾನಾಗಿಯೇ ತಡೆಯುತ್ತಿದೆ. ಕ್ರೋಮ್ ಬಳಸುವವರು ಸೆಟ್ಟಿಂಗ್ಸ್ ತೆರೆದು ತಾವೇ ತಡೆಯಬೇಕು.