ನೋವಿಗೂ ಒಂದು ನೋಟ್‌ಬುಕ್

ನನ್ನೂರು ರಬಕವಿ-ಬನಹಟ್ಟಿ. ಮನೆಯಲ್ಲಿ ಎರಡು ಪವರ್‌ಲೂಮ್, ಅದರ ಸದ್ದಿನಲ್ಲೇ ಓದಿ ಬಿಇಗೆ ಸೇರಿದವಳು. ಮೊದಲ ಸೆಮಿಸ್ಟರ್‌ನಲ್ಲಿದ್ದಾಗ ಹೊಟ್ಟೆನೋವು, ಭೇದಿ ಶುರುವಾದವು. ಹಾಸ್ಟೆಲ್ ಊಟ ಒಗ್ಗಿಲ್ಲ ಎಂದರು ಕೆಲವರು, ಪರೀಕ್ಷೆಯ ಭಯ ಎಂದರು ಕೆಲವರು. ಮುಂದೆ ಗುದದ್ವಾರದ ಪಕ್ಕ ಕೀವು ತುಂಬಿದ ಗಂಟು ಎದ್ದಿತು. ಕೂರಲೂ ಆಗದ ನೋವು. ಹದಿನೆಂಟರ ಹುಡುಗಿ ಇದನ್ನು ಯಾರ ಮುಂದೆ ಹೇಳಬೇಕು? ಅವ್ವನ ಮುಂದೆ ಹೇಳಿದೆ.

ಅವ್ವ, ಅಪ್ಪ ಖಾಸಗಿ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದರು. ‘ಫಿಸ್ಟುಲಾ ಐತಿ, ಸಣ್ಣ ಆಪರೇಷನ್, ಮೂರು ದಿನಕ್ಕ ಮನಿಗೆ’ ಎಂದರು ವೈದ್ಯರು. ಮೂರು ದಿನಕ್ಕೆ ಮನೆಗೇನೋ ಬಂದೆ. ಆದರೆ ಎರಡು ತಿಂಗಳಾದರೂ ಗಾಯ ಮಾಗಲಿಲ್ಲ. ಸಂಜೆಯಾದರೆ ಜ್ವರ. ಪಕ್ಕದಲ್ಲೇ ಇನ್ನೊಂದು ರಂಧ್ರವಾಗಿ ಕೀವು ಸೋರತೊಡಗಿತು. ಮತ್ತೆ ತೋರಿಸಲು ಹೋದಾಗ ವೈದ್ಯರು ನನ್ನತ್ತ ತಿರುಗದೆ ಅಪ್ಪನಿಗೆ ಹೇಳಿದರು: ‘ಹುಡುಗಿ ಭಾಳ ಸೂಕ್ಷ್ಮ ಅದಾಳ. ಟೆನ್ಷನ್ ಮಾಡ್ಕೋತಾಳ. ಮದುವಿ ಆದಮ್ಯಾಲ ಎಲ್ಲಾ ಸರಿಹೋಗತೈತಿ.’ ಕೆಲವು ವಾರಗಳ ನಂತರ ಎರಡನೇ ಸಲ ಕೊಯ್ದರು. ಆ ಗಾಯವೂ ಮಾಗಲಿಲ್ಲ. ಬೇರೊಂದು ಕಡೆ ಹೋದರೆ, ‘ಆಪರೇಷನ್ ಮಾಡಿದವರನ್ನೇ ಕೇಳ್ರಿ’ ಎಂಬ ಉತ್ತರ.

ಜಮಖಂಡಿ, ಮುಧೋಳ, ಬೀಳಗಿ ಕಡೆಯವರಿಗೆ ಇದು ಹೊಸದಲ್ಲ. ದೊಡ್ಡ ಚಿಕಿತ್ಸೆ ಎಂದರೆ ನಾವು ಬಾಗಲಕೋಟೆ, ವಿಜಯಪುರ, ಬೆಳಗಾವಿ, ಹುಬ್ಬಳ್ಳಿ ಅಥವಾ ಮೀರಜ್‌ನ ಬಸ್ ಹತ್ತಬೇಕು. ಬಸ್ಸಿನಲ್ಲಿ ಮೂರು ತಾಸು, ಸಾಲಿನಲ್ಲಿ ಎರಡು ತಾಸು, ವೈದ್ಯರ ಮುಂದೆ ಮೂರು ನಿಮಿಷ. ಆ ಮೂರು ನಿಮಿಷದಲ್ಲಿ ‘ಭಾಳ ತ್ರಾಸ ಆಗೈತ್ರಿ’ ಎನ್ನುವುದರೊಳಗೆ ಮಾತು ಮುಗಿದಿರುತ್ತದೆ.

ಕಾಲೇಜಿನ ಲ್ಯಾಬ್‌ನಲ್ಲಿ ರೀಡಿಂಗ್ ಇಲ್ಲದೆ ರಿಸಲ್ಟ್ ಬರೆದರೆ ಮೇಷ್ಟ್ರು ಸಹಿ ಹಾಕುವುದಿಲ್ಲ. ನನ್ನ ನೋವಿಗೂ ರೀಡಿಂಗ್ ಇಡೋಣ ಅನ್ನಿಸಿತು. ಇಪ್ಪತ್ತು ರೂಪಾಯಿಯ ನೋಟ್‌ಬುಕ್ ತಂದು ಗೆರೆ ಹಾಕಿದೆ. ದಿನಾಂಕ, ಬೆಳಿಗ್ಗೆ ಮತ್ತು ಸಂಜೆಯ ಜ್ವರ, ಎಷ್ಟು ಸಲ ಭೇದಿ, ರಕ್ತ ಇತ್ತೋ ಇಲ್ಲವೋ, ಡ್ರೆಸಿಂಗ್ ಎಷ್ಟು ಸಲ ಬದಲಾಯಿಸಿದೆ, ತೂಕ, ತೆಗೆದುಕೊಂಡ ಮಾತ್ರೆ, ತಪ್ಪಿದ ಕ್ಲಾಸು. 40 ದಿನ ಬರೆದೆ. 23 ಸಂಜೆ ಜ್ವರ ಬಂದಿತ್ತು. ತೂಕ 46ರಿಂದ 43 ಕೆ.ಜಿ.ಗೆ ಇಳಿದಿತ್ತು. ಟೆನ್ಷನ್ ಎಂದು ತಳ್ಳಿಹಾಕಲು ಆಗದ ಅಂಕಿಗಳು ಅವು.

ಇನ್ನೊಂದು ಕೆಲಸವೂ ಆಗಬೇಕಿತ್ತು. ನನ್ನ ಬಳಿ ಇದ್ದದ್ದು ಒಂದು ಪುಟದ ಡಿಸ್ಚಾರ್ಜ್ ಚೀಟಿ ಮಾತ್ರ. ಪೂರ್ತಿ ಫೈಲ್ ಕೇಳಿದರೆ, ‘ಯಾಕ, ಕೇಸ್ ಹಾಕಾವ್ರೇನು?’ ಎಂದರು. ರೋಗಿಯೋ ಅವರ ಕಡೆಯವರೋ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು ಎಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ಹೇಳುತ್ತದೆ. ಅದನ್ನು ಉಲ್ಲೇಖಿಸಿ ಅರ್ಜಿ ಬರೆದುಕೊಟ್ಟೆ. ಮೂರನೇ ದಿನ ಜೆರಾಕ್ಸ್ ಪ್ರತಿ ಸಿಕ್ಕಿತು. ಎರಡು ಸಲ ಕೊಯ್ದರೂ ಒಮ್ಮೆಯೂ ಬಯಾಪ್ಸಿಗೆ ಕಳಿಸಿದ ದಾಖಲೆ ಅದರಲ್ಲಿ ಇರಲಿಲ್ಲ.

ನೋಟ್‌ಬುಕ್, ಫೈಲ್ ಎರಡನ್ನೂ ಹಿಡಿದು ಹುಬ್ಬಳ್ಳಿಯಲ್ಲಿ ಕರುಳಿನ ತಜ್ಞರೊಬ್ಬರನ್ನು ಕಂಡೆವು. ಅವರು ಪುಟ ತಿರುವುತ್ತಾ ಕೇಳಿದ ಮೊದಲ ಪ್ರಶ್ನೆ: ‘ಭೇದಿ ಮೊದಲೋ, ಗಂಟು ಮೊದಲೋ?’ ಅಲ್ಲಿಯವರೆಗೆ ಯಾರೂ ಅದನ್ನು ಕೇಳಿರಲಿಲ್ಲ. ಕೊಲೊನೋಸ್ಕೋಪಿ, ಬಯಾಪ್ಸಿ, ಎಂಆರ್‌ಐ ಆದ ಮೇಲೆ ಕಾಯಿಲೆಗೆ ಹೆಸರು ಸಿಕ್ಕಿತು: ಕ್ರೋನ್ಸ್. 1932ರಲ್ಲಿ ನ್ಯೂಯಾರ್ಕ್‌ನ ಬರಿಲ್ ಕ್ರೋನ್ ಮತ್ತು ಸಂಗಡಿಗರು ವಿವರಿಸಿದ ಕರುಳಿನ ಉರಿಯೂತ. ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಕರುಳಿನ ಮೇಲೆ ತಿರುಗಿಬೀಳುತ್ತದೆ. ಕೆಲವರಲ್ಲಿ ಫಿಸ್ಟುಲಾ ಅದರ ಒಂದು ಲಕ್ಷಣ. ಒಳಗಿನ ಉರಿಯೂತ ಹತೋಟಿಗೆ ಬಾರದೆ ಹೊರಗಿನ ಗಾಯ ಮಾಗುವುದು ಕಷ್ಟ. ನಮ್ಮ ದೇಶದಲ್ಲಿ ಕರುಳಿನ ಟಿಬಿಯೂ ಹೆಚ್ಚು ಕಡಿಮೆ ಹೀಗೇ ಕಾಣುವುದರಿಂದ ಎರಡನ್ನೂ ಬೇರ್ಪಡಿಸುವುದು ತಜ್ಞರಿಗೂ ಸುಲಭವಲ್ಲವಂತೆ. ‘ಇದು ಪೂರ್ತಿ ಹೋಗೂದಿಲ್ಲವಾ ತಂಗಿ, ಆದ್ರ ಹತೋಟಿಯಾಗ ಇಡಬಹುದು’ ಎಂದರು. ಕೆಟ್ಟ ಸುದ್ದಿಯೇ. ಆದರೂ ಆ ರಾತ್ರಿ ನಾನು ನೆಮ್ಮದಿಯಾಗಿ ಮಲಗಿದೆ.

ಶಸ್ತ್ರಚಿಕಿತ್ಸೆಯ ನಂತರ ತೊಂದರೆಯಾದರೆ ಅದೆಲ್ಲ ವೈದ್ಯರ ತಪ್ಪು ಎಂದು ನಾನು ಹೇಳುತ್ತಿಲ್ಲ. ಒಳ್ಳೆಯ ಕೈಗಳಲ್ಲೂ ತೊಡಕು ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಆಪರೇಷನ್ ಥಿಯೇಟರ್‌ಗೆಂದು 19 ಅಂಶಗಳ ಒಂದು ಪಟ್ಟಿ ಮಾಡಿದೆ. ರೋಗಿಯ ಹೆಸರು, ಕೊಯ್ಯಬೇಕಾದ ಜಾಗ, ಕಳಿಸಬೇಕಾದ ಸ್ಯಾಂಪಲ್, ಎಲ್ಲವನ್ನೂ ಬಾಯಿಬಿಟ್ಟು ಹೇಳಿ ಖಾತ್ರಿ ಮಾಡಿಕೊಳ್ಳುವುದು ಅದರ ಕ್ರಮ. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಬಳಸಿ ನೋಡಿದಾಗ ತೊಡಕುಗಳ ಪ್ರಮಾಣ ಶೇ 11ರಿಂದ ಶೇ 7ಕ್ಕೆ ಇಳಿಯಿತೆಂದು 2009ರಲ್ಲಿ ವರದಿಯಾಯಿತು. ಕೇಳುವುದು, ಹೇಳುವುದು, ಬರೆಯುವುದು ಕೂಡ ಚಿಕಿತ್ಸೆಯ ಭಾಗವೇ. ತೊಡಕು ಆಗಿದೆ ಎಂದು ರೋಗಿ ಹೇಳುವಾಗ ಕಿವಿಗೊಡದಿರುವುದನ್ನು ಮಾತ್ರ ಒಪ್ಪಲಾಗದು.

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ, 2018ರಲ್ಲಿ ಪ್ರಕಟವಾದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ 17 ಹಕ್ಕುಗಳಿವೆ. ಕಾಯಿಲೆಯ ಬಗ್ಗೆ ಮಾಹಿತಿ, ದಾಖಲೆ, ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವುದು ಅದರಲ್ಲಿ ಸೇರಿವೆ. ಪುರುಷ ವೈದ್ಯರು ಪರೀಕ್ಷಿಸುವಾಗ ಮಹಿಳೆಯೊಬ್ಬರು ಜೊತೆಗಿರಬೇಕು ಎಂಬುದೂ ಇದೆ. ನನ್ನಂಥ ಹುಡುಗಿಯರು ಇದನ್ನು ಗೊತ್ತುಮಾಡಿಕೊಳ್ಳಲೇಬೇಕು. ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರ ಬೆಳಗಾವಿ ಅಧಿವೇಶನದಲ್ಲಿ ತಿದ್ದುಪಡಿಯಾದ ಮೇಲೆ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ದೂರು ಕೊಡಲೂ ಅವಕಾಶವಿದೆ.

ನಾನು ದೂರು ಕೊಟ್ಟಿಲ್ಲ. ಸದ್ಯ ಇರುವ ಶಕ್ತಿಯೆಲ್ಲ ಓದಿಗೆ, ಔಷಧಿಗೆ ಬೇಕು. ಫಿಸ್ಟುಲಾದೊಳಗೆ ಕೀವು ಹರಿದುಹೋಗಲೆಂದು ಒಂದು ದಾರ ಹಾಕಿದ್ದಾರೆ. ಅದರೊಂದಿಗೇ ಕ್ಲಾಸಿನಲ್ಲಿ ಕೂರುತ್ತೇನೆ, ದಿಂಬೊಂದು ಬ್ಯಾಗಿನಲ್ಲಿರುತ್ತದೆ. ಆಗಾಗ ರಕ್ತ ಪರೀಕ್ಷೆ, ಹಾಜರಾತಿ ಕೊರತೆಗೆ ವೈದ್ಯರ ಪತ್ರ. ಎರಡು ವಿಷಯ ಬಾಕಿ ಉಳಿದಿವೆ.

ನಿಮ್ಮ ಓರಗೆಯವರಲ್ಲಿ ಯಾರಾದರೂ ತಿಂಗಳುಗಟ್ಟಲೆ ಹುಷಾರಿಲ್ಲ ಎನ್ನುತ್ತಿದ್ದರೆ ‘ನಾಟಕ’ ಎನ್ನಬೇಡಿ. ಒಂದು ನೋಟ್‌ಬುಕ್ ಕೊಡಿಸಿ. ಮುಜುಗರದ ಮಾತನ್ನು ಬಾಯಲ್ಲಿ ಹೇಳಲಾಗದಿದ್ದರೆ ಬರೆದು ತೋರಿಸಲಿ. ಆಸ್ಪತ್ರೆಗೆ ಹೋಗುವಾಗ ಕೇಳಬೇಕಾದ ಮೂರು ಪ್ರಶ್ನೆಗಳನ್ನು ಮೇಲೆಯೇ ಬರೆದಿಟ್ಟುಕೊಳ್ಳಲಿ. ಸಾಧ್ಯವಾದರೆ ನೀವೂ ಜೊತೆಗೆ ಹೋಗಿ.