ಬಣ್ಣದ ಬ್ರಷ್ಷಿಗೂ ಸ್ನಾನ ಬೇಕು

ಶಾಲಾ ವಾರ್ಷಿಕೋತ್ಸವ ಬಂತೆಂದರೆ ದುಬೈ, ಅಬುಧಾಬಿಯ ನಮ್ಮ ಮನೆಗಳಲ್ಲಿ ಮೇಕಪ್ ಪೆಟ್ಟಿಗೆ ಹೊರಬರುತ್ತದೆ. ಭರತನಾಟ್ಯವಿರಲಿ, ಯಕ್ಷಗಾನವಿರಲಿ, ಒಂದೇ ಬ್ರಷ್ಷು ಹತ್ತು ಮಕ್ಕಳ ಮುಖದ ಮೇಲೆ ಓಡಾಡುತ್ತದೆ. ಒಬ್ಬರಿಗೆ ಕೆಂಗಣ್ಣು ಬಂದಿದ್ದರೆ ಉಳಿದವರಿಗೂ ಅಂಟಲು ಅಷ್ಟು ಸಾಕು. ಕೂದಲಿನ ನಡುವೆ ಉಳಿದ ಬಣ್ಣ, ಬೆವರು, ಚರ್ಮದ ಜಿಡ್ಡಿನಲ್ಲಿ ರೋಗಾಣುಗಳು ಬೆಳೆಯುತ್ತವೆ.

ದುಬಾರಿ ಕ್ಲೀನರ್ ಏನೂ ಬೇಕಿಲ್ಲ. ಪುಡಿ ಬಣ್ಣದ ಬ್ರಷ್ಷಿಗೆ ಬೇಬಿ ಶಾಂಪೂ ಸಾಕು. ಎಣ್ಣೆ ಬೆರೆತ ಯಕ್ಷಗಾನದ ಬಣ್ಣ ಮಾತ್ರ ಬರಿಯ ಶಾಂಪೂವಿಗೆ ಜಗ್ಗುವುದಿಲ್ಲ. ಚೌಕಿಯಲ್ಲಿ ಕಲಾವಿದರು ವೇಷ ಕಳಚಿದ ಮೇಲೆ ಮುಖಕ್ಕೆ ತೆಂಗಿನೆಣ್ಣೆ ಹಚ್ಚಿ ಬಣ್ಣ ತೆಗೆಯುವುದನ್ನು ನೋಡಿದ್ದೀರಲ್ಲ? ಇಲ್ಲಿಯೂ ಅದೇ ಉಪಾಯ. ಎರಡು ಹನಿ ಎಣ್ಣೆ ಸವರಿ, ಬಟ್ಟೆಯಲ್ಲಿ ಒರೆಸಿ, ಬಳಿಕ ಅಂಗೈಯಲ್ಲಿ ಶಾಂಪೂ ನೊರೆ ಮಾಡಿ ಬ್ರಷ್ಷನ್ನು ಮೆಲ್ಲನೆ ತಿರುಗಿಸಿ. ನೀರು ತಿಳಿಯಾಗುವವರೆಗೂ ತೊಳೆಯಿರಿ.

ನೀರು ಉಗುರುಬೆಚ್ಚಗಿರಲಿ. ಜುಲೈ, ಆಗಸ್ಟಿನಲ್ಲಿ ಇಲ್ಲಿನ ತಾರಸಿ ಟ್ಯಾಂಕಿನ ನೀರು ಕೈ ಸುಡುವಷ್ಟು ಕಾದಿರುತ್ತದೆ; ಬಕೆಟ್ಟಿನಲ್ಲಿ ಹಿಡಿದಿಟ್ಟು ಆರಿಸಿಕೊಳ್ಳಿ. ಬಿಸಿನೀರಿಗೆ ಕೂದಲು ಹಿಡಿದಿರುವ ಅಂಟು ಸಡಿಲವಾಗುತ್ತದೆ. ಒದ್ದೆ ಬ್ರಷ್ಷನ್ನು ಲೋಟದಲ್ಲಿ ನೆಟ್ಟಗೆ ನಿಲ್ಲಿಸಿದರೂ ಅಷ್ಟೇ, ನೀರು ಬುಡಕ್ಕಿಳಿಯುತ್ತದೆ. ಟವೆಲ್ ಮೇಲೆ, ಕೂದಲು ಮೇಜಿನ ಅಂಚಿನಿಂದ ಹೊರಚಾಚುವಂತೆ ಮಲಗಿಸಿ. ಬಾಲ್ಕನಿಯ ಧೂಳು ಬೇಡ, ಕೋಣೆಯೊಳಗೇ ಒಣಗಲಿ.

ನಿತ್ಯ ಬಳಸುವ ಬ್ರಷ್ಷನ್ನು ವಾರ, ಹತ್ತು ದಿನಕ್ಕೊಮ್ಮೆ ತೊಳೆಯಬೇಕು. ಆದರೆ ವೇದಿಕೆಯ ಹಿಂದೆ ತೊಳೆದು ಒಣಗಿಸುವಷ್ಟು ಪುರುಸೊತ್ತು ಯಾರಿಗಿದೆ? ಆದ್ದರಿಂದ ಕಣ್ಣಿಗೆ ತಾಗುವ ಬ್ರಷ್ಷನ್ನೂ ಕಾಡಿಗೆಯನ್ನೂ ಮಗುವಿಗೊಂದರಂತೆ ಮನೆಯಿಂದಲೇ ಕೊಟ್ಟು ಕಳುಹಿಸಿ.